ರೋಗ ಕಡಿಮೆಯಾದರೂ ಸಾವು ಏಕೆ ಕಡಿಮೆಯಾಗಿಲ್ಲ?

ಕೃಷಿ – ಆರೋಗ್ಯ



ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ಹತ್ತಿಯ ಕಾಯಿಕೊರಕ, ಈರುಳ್ಳಿಯ ಕೊಳೆರೋಗ, ಮಕ್ಕಳ ವಾಂತಿಭೇದಿ ಇಂಥ ವಿಷಯಗಳನ್ನು ತಿಳಿದುಕೊಳ್ಳುತ್ತೇವೆ. ಈ ಬಾರಿಯ ವಿಷಯವನ್ನು ನಮ್ಮ ಮನೆಗಳಲ್ಲಿ ಬಾಯಿಬಿಟ್ಟು ಮಾತನಾಡುವುದು ಕಡಿಮೆ. ತಾಯಿ ಮಗಳಿಗೆ ಹೇಳುವುದಿಲ್ಲ, ಹೆಂಡತಿ ಗಂಡನಿಗೆ ಹೇಳುವುದಿಲ್ಲ. ಕಾಯಿಲೆ ಮುಂದುವರಿಯುವುದಕ್ಕೆ ಈ ಮೌನವೇ ಒಂದು ಕಾರಣ. ಆದುದರಿಂದ ಇದನ್ನು ಹೆಂಗಸರೂ ಗಂಡಸರೂ ಸೇರಿ ಓದಬೇಕು. ಓದು ಬಾರದ ಹಿರಿಯರಿಗೆ ಮನೆಯ ಮಕ್ಕಳು ಓದಿ ಹೇಳಬೇಕು.

ವಿಷಯ ಸ್ತನ ಕ್ಯಾನ್ಸರ್. "ಅದು ಪಟ್ಟಣದ ಶ್ರೀಮಂತರ ಕಾಯಿಲೆ, ಹೊಲದಲ್ಲಿ ದುಡಿಯುವ ನಮಗೆ ಬರುವುದಿಲ್ಲ" ಎಂಬ ಮಾತು ಸಿ. ಬೆಳಗಲ್ಲು, ಎಮ್ಮಿಗನೂರು, ಆದೋನಿ ಸುತ್ತಿನ ಹಳ್ಳಿಗಳಲ್ಲಿ ಕೇಳಿಬರುತ್ತದೆ. ಈ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಆ ಸ್ವಲ್ಪ ಸತ್ಯವನ್ನು ನಂಬಿ ಕುಳಿತರೆ ಜೀವ ಹೋಗುತ್ತದೆ. ಹೇಗೆ ಎಂಬುದನ್ನು ಹಂತಹಂತವಾಗಿ ನೋಡೋಣ.

ದರ ಎಂದರೇನು?

ಒಂದು ಊರಿನಲ್ಲಿ ಹತ್ತು ಜನ ಸತ್ತರು, ಇನ್ನೊಂದು ಊರಿನಲ್ಲಿ ನೂರು ಜನ ಸತ್ತರು ಎಂದರೆ ಯಾವ ಊರಿನಲ್ಲಿ ಸಾವು ಹೆಚ್ಚು? ಊರಿನ ಜನಸಂಖ್ಯೆ ತಿಳಿಯದೆ ಹೇಳಲಾಗದು. ಒಟ್ಟು ಎಷ್ಟು ಚೀಲ ಬಂತು ಎಂದು ಕೇಳಿ ರೈತರು ಸುಮ್ಮನಾಗುವುದಿಲ್ಲ. ಎಕರೆಗೆ ಎಷ್ಟು ಚೀಲ ಎಂದು ಕೇಳುತ್ತಾರೆ. ಹಾಗೆಯೇ ವೈದ್ಯರು ಒಂದು ಲಕ್ಷ ಹೆಂಗಸರಲ್ಲಿ ವರ್ಷಕ್ಕೆ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಇದೇ ದರ.

ಇನ್ನೊಂದು ತಿದ್ದುಪಡಿಯೂ ಬೇಕು. ಒಂದು ಹೊಲದಲ್ಲಿ ಮೊದಲ ಮಳೆಗೇ ಬಿತ್ತಿದ ಹತ್ತಿ, ಪಕ್ಕದ ಹೊಲದಲ್ಲಿ ತಿಂಗಳು ತಡವಾಗಿ ಬಿತ್ತಿದ ಹತ್ತಿ. ಎರಡರಲ್ಲೂ ಒಂದೇ ದಿನ ಕಾಯಿ ಎಣಿಸಿ, ಇದು ಒಳ್ಳೆಯ ಭೂಮಿ, ಅದು ಕೆಟ್ಟ ಭೂಮಿ ಎಂದರೆ ತಪ್ಪಾಗುತ್ತದೆ. ಬೆಳೆಯ ವಯಸ್ಸನ್ನು ಸರಿದೂಗಿಸಿ ಹೋಲಿಸಬೇಕು. ಕ್ಯಾನ್ಸರ್ ವಯಸ್ಸಾದಂತೆ ಹೆಚ್ಚುವ ರೋಗವಾದ್ದರಿಂದ ಮುದುಕಿಯರು ಹೆಚ್ಚಿರುವ ಊರನ್ನು ಹುಡುಗಿಯರು ಹೆಚ್ಚಿರುವ ಊರಿನೊಡನೆ ನೇರವಾಗಿ ಹೋಲಿಸುವಂತಿಲ್ಲ. ಕೆಳಗೆ ಕೊಟ್ಟಿರುವ ಲಕ್ಷದ ಲೆಕ್ಕಗಳು ಹೀಗೆ ವಯಸ್ಸನ್ನು ಸರಿದೂಗಿಸಿದವು.

ಸಣ್ಣ ಊರಿನ ಲೆಕ್ಕದಲ್ಲಿ ಮತ್ತೊಂದು ಮೋಸವಿದೆ. ನಮ್ಮ ದೇಶದಲ್ಲಿ ಸ್ತನ ಕ್ಯಾನ್ಸರಿನಿಂದ ಲಕ್ಷ ಹೆಂಗಸರಿಗೆ ವರ್ಷಕ್ಕೆ ಸುಮಾರು 13 ಸಾವು. ಐದು ಸಾವಿರ ಜನರಿರುವ ಹಳ್ಳಿಯಲ್ಲಿ ಹೆಂಗಸರು ಎರಡೂವರೆ ಸಾವಿರ. ಅಂದರೆ ಸರಾಸರಿ ಮೂರು ವರ್ಷಕ್ಕೆ ಒಂದು ಸಾವು. ಒಂದು ವರ್ಷ ಇಬ್ಬರು ಸತ್ತರೆ "ಊರಿಗೆ ಶಾಪ ತಟ್ಟಿತು" ಎಂದು ಹೆದರುವುದು ಬೇಡ. ಆರು ವರ್ಷ ಯಾರೂ ಸಾಯದಿದ್ದರೆ "ನಮಗಿಲ್ಲ" ಎಂದು ನಿಶ್ಚಿಂತರಾಗುವುದೂ ಬೇಡ. ಒಂದು ವರ್ಷದ ಮಳೆ ನೋಡಿ ಊರಿನ ಮಳೆ ಇಷ್ಟು ಎಂದು ಹೇಳಲಾಗುವುದೇ?

ಲೆಕ್ಕ ಇಡುವವರು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವನ್ನು ಆರಂಭಿಸಿ, 1982ರಿಂದ ಬೆಂಗಳೂರು, ಮುಂಬಯಿ, ಚೆನ್ನೈಗಳಲ್ಲಿ ಊರಿನ ಪ್ರತಿಯೊಬ್ಬ ಕ್ಯಾನ್ಸರ್ ರೋಗಿಯ ಲೆಕ್ಕವಿಡುವ ಕೆಲಸ ನಡೆಯುತ್ತಿದೆ. ಬೆಂಗಳೂರಿನ ಲೆಕ್ಕವನ್ನು ಕಿದ್ವಾಯಿ ಆಸ್ಪತ್ರೆ ಇಡುತ್ತದೆ. ಹಳ್ಳಿಗಳಿಗೆಂದೇ ಮೊದಲ ನೋಂದಣಿ ಆರಂಭವಾದದ್ದು 1987ರಲ್ಲಿ, ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಯ ಬಾರ್ಶಿಯಲ್ಲಿ. ಅದೂ ನಮ್ಮ ಸೀಮೆಯಂತೆಯೇ ಮಳೆ ಕಡಿಮೆಯ, ಜೋಳ ಬೆಳೆಯುವ ನಾಡು. ಅಲ್ಲಿ ನೋಂದಣಿಯ ಕಾರ್ಯಕರ್ತರು ಹಳ್ಳಿಹಳ್ಳಿಗೆ ಹೋಗಿ, ಜನರನ್ನು ಕೂಡಿಸಿ, ಕ್ಯಾನ್ಸರಿನ ಲಕ್ಷಣಗಳನ್ನು ತಿಳಿಸಿ, ಅನುಮಾನವಿದ್ದವರನ್ನು ಆಸ್ಪತ್ರೆಗೆ ಕಳುಹಿಸುತ್ತ ಬಂದರು.

ಈ ಲೆಕ್ಕಗಳು ಏನು ಹೇಳುತ್ತವೆ? 2012ರಿಂದ 2016ರವರೆಗಿನ ವರದಿಯಂತೆ ಹೊಸದಾಗಿ ಸ್ತನ ಕ್ಯಾನ್ಸರ್ ಬರುವವರು ಲಕ್ಷ ಹೆಂಗಸರಲ್ಲಿ ಹೈದರಾಬಾದಿನಲ್ಲಿ ಸುಮಾರು 48, ಚೆನ್ನೈಯಲ್ಲಿ 42, ಬೆಂಗಳೂರಿನಲ್ಲಿ 40. ಬಾರ್ಶಿಯ ಹಳ್ಳಿಗಳಲ್ಲಿ ಇದರ ಅರ್ಧಕ್ಕಿಂತಲೂ ಎಷ್ಟೋ ಕಡಿಮೆ. ಅಂದರೆ "ಪಟ್ಟಣದ ಕಾಯಿಲೆ" ಎಂಬ ಮಾತಿನಲ್ಲಿರುವ ಸ್ವಲ್ಪ ಸತ್ಯ ಇದೇ. ಆದರೆ ಇದು ರೋಗ ಬರುವ ಲೆಕ್ಕ, ಸಾಯುವ ಲೆಕ್ಕವಲ್ಲ. ಈ ಎರಡನ್ನೂ ಬೇರೆ ಬೇರೆಯಾಗಿ ಇಟ್ಟುಕೊಳ್ಳುವುದೇ ಇಂದಿನ ಪಾಠದ ಮುಖ್ಯ ವಿಷಯ.

ರೋಗ ಬರುವುದರಲ್ಲಿ ವ್ಯತ್ಯಾಸ ಏಕೆ?

ಈ ಪ್ರಶ್ನೆಯನ್ನು ಮೊದಲು ಎತ್ತಿದವರಲ್ಲಿ ಇಟಲಿಯ ಪಾದುವಾದ ವೈದ್ಯ ರಮಾಜಿನಿ ಒಬ್ಬರು. ಸುಮಾರು ಮುನ್ನೂರು ವರ್ಷಗಳ ಹಿಂದೆ ಅವರು, ಕನ್ಯಾಮಠಗಳ ಭಗಿನಿಯರಲ್ಲಿ ಸ್ತನ ಕ್ಯಾನ್ಸರ್ ಇತರ ಹೆಂಗಸರಿಗಿಂತ ಹೆಚ್ಚು ಎಂದು ಬರೆದರು. 1842ರಲ್ಲಿ ವೆರೋನಾ ನಗರದ ವೈದ್ಯ ರಿಗೋನಿ ಸ್ಟರ್ನ್ ಆ ಊರಿನ 1760ರಿಂದ 1839ರವರೆಗಿನ ಮರಣದ ದಾಖಲೆಗಳನ್ನು ತೆಗೆದು ಎಣಿಸಿ ನೋಡಿದರು. ಅವರಿಗೂ ಅದೇ ಕಂಡಿತು: ಭಗಿನಿಯರಲ್ಲಿ ಗರ್ಭಕೋಶದ ಕ್ಯಾನ್ಸರ್ ಕಡಿಮೆ, ಸ್ತನ ಕ್ಯಾನ್ಸರ್ ಹೆಚ್ಚು. 1926ರಲ್ಲಿ ಇಂಗ್ಲೆಂಡಿನ ವೈದ್ಯೆ ಜಾನೆಟ್ ಲೇನ್ ಕ್ಲೇಪನ್ ಅವರು ರೋಗ ಬಂದವರನ್ನೂ ಬಾರದವರನ್ನೂ ಹೋಲಿಸಿ, ತಡವಾಗಿ ಮದುವೆಯಾದವರಲ್ಲಿ, ಕಡಿಮೆ ಮಕ್ಕಳಿರುವವರಲ್ಲಿ, ಮಕ್ಕಳಿಗೆ ಮೊಲೆಹಾಲು ಕುಡಿಸದವರಲ್ಲಿ ಈ ರೋಗ ಹೆಚ್ಚು ಎಂದು ತೋರಿಸಿದರು.

ಕಾರಣ ಈಗ ಚೆನ್ನಾಗಿ ತಿಳಿದಿದೆ. ಹೆಣ್ಣಿನ ದೇಹದ ಹಾರ್ಮೋನುಗಳು ತಿಂಗಳು ತಿಂಗಳೂ ಸ್ತನದ ಜೀವಕೋಶಗಳನ್ನು ಕೆಣಕುತ್ತಿರುತ್ತವೆ. ಬೇಗ ಮೈನೆರೆದು ತಡವಾಗಿ ಮುಟ್ಟು ನಿಂತರೆ ಈ ಕೆಣಕುವಿಕೆ ಹೆಚ್ಚು ವರ್ಷ ನಡೆಯುತ್ತದೆ. ಬಸಿರು, ಬಾಣಂತನ, ಹಾಲೂಡಿಸುವ ಕಾಲ ಅದಕ್ಕೆ ಬಿಡುವು ಕೊಡುತ್ತವೆ. ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2002ರಲ್ಲಿ ಪ್ರಕಟವಾದ ಲೆಕ್ಕದಂತೆ, ಒಟ್ಟು ಹನ್ನೆರಡು ತಿಂಗಳು ಹಾಲೂಡಿಸಿದ್ದಕ್ಕೆ ಅಪಾಯ ನೂರಕ್ಕೆ 4ರಷ್ಟು, ಒಂದೊಂದು ಹೆರಿಗೆಗೆ ನೂರಕ್ಕೆ 7ರಷ್ಟು ಇಳಿಯುತ್ತದೆ. ಮುಟ್ಟು ನಿಂತ ಮೇಲೆ ಮೈ ತೂಕ ಹೆಚ್ಚುವುದು, ಮದ್ಯಪಾನ, ದೇಹಶ್ರಮವಿಲ್ಲದ ಜೀವನ ಇವೂ ಅಪಾಯವನ್ನು ಹೆಚ್ಚಿಸುತ್ತವೆ. ನೂರು ರೋಗಿಗಳಲ್ಲಿ ಐದರಿಂದ ಹತ್ತು ಜನರಿಗೆ ಮಾತ್ರ ವಂಶದಿಂದ ಬಂದ ದೋಷ ಕಾರಣ.

ಊರು ಬದಲಾದರೆ ರೋಗದ ದರವೂ ಬದಲಾಗುತ್ತದೆ ಎಂಬುದಕ್ಕೆ ಜಪಾನಿನಿಂದ ಅಮೆರಿಕಕ್ಕೆ ವಲಸೆ ಹೋದವರೇ ಸಾಕ್ಷಿ. ಜಪಾನಿನಲ್ಲಿ ಆಗ ಈ ರೋಗ ಬಹಳ ಕಡಿಮೆಯಿತ್ತು. ವಲಸೆ ಹೋದವರ ಹೆಣ್ಣುಮಕ್ಕಳು, ಮೊಮ್ಮಕ್ಕಳ ಕಾಲಕ್ಕೆ ಅದು ಅಮೆರಿಕದವರ ಮಟ್ಟದ ಹತ್ತಿರಕ್ಕೆ ಬಂತು. ರಕ್ತ ಅದೇ, ಜೀವನದ ರೀತಿ ಬೇರೆ. ನಮ್ಮ ಹಳ್ಳಿಗಳಲ್ಲೂ ಮದುವೆಯ ವಯಸ್ಸು ಏರಿದೆ, ಮಕ್ಕಳು ಎರಡಕ್ಕೆ ನಿಂತಿವೆ, ಆಯುಸ್ಸು ಹೆಚ್ಚಿದೆ. ಇವೆಲ್ಲ ಒಳ್ಳೆಯ ಬದಲಾವಣೆಗಳೇ. ಯಾರೂ ಹಿಂದಕ್ಕೆ ಹೋಗಬೇಕಾಗಿಲ್ಲ. ಆದರೆ ಇವುಗಳ ಜೊತೆಗೆ ಈ ರೋಗವೂ ಹಳ್ಳಿಗೆ ಹೆಜ್ಜೆ ಇಡುತ್ತಿದೆ. ಬಾರ್ಶಿಯಲ್ಲೂ ಅದು ಏರುತ್ತಲೇ ಇದೆ.

ಔಷಧ ಹೊಡೆಯುವುದರಿಂದ ಬರುತ್ತದೆಯೇ?

ಹತ್ತಿಗೂ ಮೆಣಸಿನಕಾಯಿಗೂ ಔಷಧ ಹೊಡೆಯುವ ನಮಗೆ ಈ ಪ್ರಶ್ನೆ ಬಾರದೆ ಇರದು. ಅಮೆರಿಕದ ನ್ಯೂಯಾರ್ಕಿನ ಬಳಿಯ ಲಾಂಗ್ ಐಲೆಂಡ್ ಎಂಬಲ್ಲಿನ ಹೆಂಗಸರು ತಮ್ಮ ಊರಿನಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಾಗಿದೆ ಎಂದು ದನಿ ಎತ್ತಿದ್ದರಿಂದ 1993ರಲ್ಲಿ ಅಲ್ಲಿನ ಸರ್ಕಾರ ಕಾನೂನು ಮಾಡಿ ದೊಡ್ಡ ಅಧ್ಯಯನ ನಡೆಸಿತು. 2002ರಲ್ಲಿ ಬಂದ ಫಲಿತಾಂಶದಲ್ಲಿ ಡಿಡಿಟಿ ಮುಂತಾದ ಕೀಟನಾಶಕಗಳಿಗೂ ರೋಗಕ್ಕೂ ಸಂಬಂಧ ಕಾಣಲಿಲ್ಲ. ಆದರೆ 2007ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು, ಹದಿನಾಲ್ಕು ವರ್ಷದೊಳಗೆ ಡಿಡಿಟಿಗೆ ಹೆಚ್ಚು ಒಳಗಾದ ಹುಡುಗಿಯರಿಗೆ ಮುಂದೆ ಅಪಾಯ ಹೆಚ್ಚಿದ್ದನ್ನು ಕಂಡರು. ಆದುದರಿಂದ ಎಲ್ಲ ತಪ್ಪನ್ನೂ ಔಷಧದ ಮೇಲೆ ಹೊರಿಸುವುದು ಸರಿಯಲ್ಲ; ಹಾಗೆಂದು ಮೈಮರೆಯುವುದೂ ಸರಿಯಲ್ಲ. ಔಷಧ ಹೊಡೆಯುವ ದಿನ ಮಕ್ಕಳನ್ನೂ ಬಸುರಿಯರನ್ನೂ ಹೊಲಕ್ಕೆ ಕರೆದೊಯ್ಯಬೇಡಿ. ಖಾಲಿ ಡಬ್ಬಗಳಲ್ಲಿ ನೀರು, ಕಾಳು ತುಂಬಿಡಬೇಡಿ. ಔಷಧದ ಬಟ್ಟೆಗಳನ್ನು ಬೇರೆಯಾಗಿ ಒಗೆಯಿರಿ.

ಸಾವಿನಲ್ಲಿ ವ್ಯತ್ಯಾಸ ಏಕೆ?

ಈಗ ಎರಡನೆಯ ಲೆಕ್ಕಕ್ಕೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟಿರುವ ಈ ಅಂಕಿಗಳನ್ನು ಎರಡು ಸಲ ಓದಿ. ಅತಿ ಮುಂದುವರಿದ ದೇಶಗಳಲ್ಲಿ 12 ಹೆಂಗಸರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಈ ರೋಗ ಬರುತ್ತದೆ. ಆದರೆ ಇದರಿಂದ ಸಾಯುವವರು 71ರಲ್ಲಿ ಒಬ್ಬರು. ಹಿಂದುಳಿದ ದೇಶಗಳಲ್ಲಿ 27ರಲ್ಲಿ ಒಬ್ಬರಿಗೆ ಮಾತ್ರ ರೋಗ ಪತ್ತೆಯಾಗುತ್ತದೆ. ಆದರೆ ಸಾಯುವವರು 48ರಲ್ಲಿ ಒಬ್ಬರು. ರೋಗ ಅರ್ಧಕ್ಕಿಂತ ಕಡಿಮೆ, ಸಾವು ಹೆಚ್ಚು!

ನಮ್ಮ ದೇಶದಲ್ಲಿ 2022ರಲ್ಲಿ ಸುಮಾರು 1 ಲಕ್ಷ 92 ಸಾವಿರ ಹೆಂಗಸರಿಗೆ ಹೊಸದಾಗಿ ಈ ರೋಗ ಬಂದಿದೆ, ಸುಮಾರು 98 ಸಾವಿರ ಹೆಂಗಸರು ಸತ್ತಿದ್ದಾರೆ ಎಂದು ಅಂದಾಜು. ಶ್ರೀಮಂತ ದೇಶಗಳಲ್ಲಿಯಾದರೋ 1980ರ ದಶಕದಿಂದ 2020ರ ಹೊತ್ತಿಗೆ ಸಾವಿನ ದರ ನೂರಕ್ಕೆ 40ರಷ್ಟು ಇಳಿಯಿತು. ಅಲ್ಲಿ ರೋಗ ಕಡಿಮೆಯಾಗಲಿಲ್ಲ. ಬೇಗ ಗುರುತಿಸಿ ಪೂರ್ತಿ ಚಿಕಿತ್ಸೆ ಕೊಡುವುದು ಹೆಚ್ಚಾಯಿತು.

ನಮ್ಮ ದೇಶದೊಳಗೂ ಊರಿಂದೂರಿಗೆ ಹೀಗೆಯೇ ವ್ಯತ್ಯಾಸವಿದೆ. 2012ರಿಂದ 2015ರ ನಡುವೆ ರೋಗ ಪತ್ತೆಯಾದ ಸಾವಿರಾರು ಹೆಂಗಸರನ್ನು ಹನ್ನೊಂದು ನೋಂದಣಿ ಕೇಂದ್ರಗಳು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದವು. ಐದು ವರ್ಷ ಕಳೆದಾಗ ಬದುಕಿದ್ದವರು ಒಟ್ಟಾರೆ ನೂರಕ್ಕೆ 66. ಮಿಜೋರಾಮಿನಲ್ಲಿ 75, ಅಹಮದಾಬಾದಿನಲ್ಲಿ 73, ಕೇರಳದ ಕೊಲ್ಲಮ್‌ನಲ್ಲಿ 71, ತಿರುವನಂತಪುರದಲ್ಲಿ 69. ಅರುಣಾಚಲ ಪ್ರದೇಶದ ಪಾಸೀಘಾಟಿನಲ್ಲಿ ಮಾತ್ರ 42. ಮಿಜೋರಾಮ್ ಶ್ರೀಮಂತ ನಾಡಲ್ಲ, ಅದೂ ಗುಡ್ಡಗಾಡೇ. ಪಾಸೀಘಾಟ್ ಇರುವುದೂ ದೇಶದ ಅದೇ ಮೂಲೆಯಲ್ಲಿ. ಆದರೂ ಇಷ್ಟು ಅಂತರ. ಬಡತನವೇ ಎಲ್ಲಕ್ಕೂ ಕಾರಣ ಎಂದು ಕೈಚೆಲ್ಲುವವರು ಇದನ್ನು ಗಮನಿಸಬೇಕು.

ಇದೇ ಅಧ್ಯಯನದ ಇನ್ನೊಂದು ಲೆಕ್ಕ ಎಲ್ಲಕ್ಕಿಂತ ಮುಖ್ಯ. ರೋಗ ಸ್ತನದೊಳಗೇ ಇದ್ದಾಗ ಬಂದವರಲ್ಲಿ ನೂರಕ್ಕೆ 81 ಜನ ಐದು ವರ್ಷದ ನಂತರವೂ ಬದುಕಿದ್ದರು. ಕಂಕುಳಿನ ಗ್ರಂಥಿಗಳಿಗೆ, ಅಕ್ಕಪಕ್ಕಕ್ಕೆ ಹಬ್ಬಿದ ಮೇಲೆ ಬಂದವರಲ್ಲಿ 65. ಮೂಳೆ, ಶ್ವಾಸಕೋಶ, ಯಕೃತ್ತಿಗೆ ಹರಡಿದ ಮೇಲೆ ಬಂದವರಲ್ಲಿ ಕೇವಲ 18. ರೋಗ ಒಂದೇ, ದೇಶ ಒಂದೇ. ಬಂದ ಹೊತ್ತು ಮಾತ್ರ ಬೇರೆ.

ನಮ್ಮ ಸೀಮೆಯಲ್ಲಿ ತಿಂಗಳುಗಳು ಕಳೆಯುವುದು ಹೀಗೆ

ಇದು ಯಾರೋ ಒಬ್ಬರ ಕಥೆಯಲ್ಲ. ನಮ್ಮ ಪಶ್ಚಿಮ ಕರ್ನೂಲು ಸೀಮೆಯ ವರ್ಷದ ಕೆಲಸದ ಲೆಕ್ಕ.

ದಸರೆಯ ಹೊತ್ತಿಗೆ ಸ್ನಾನ ಮಾಡುವಾಗ ತಾಯಿಯೊಬ್ಬಳ ಕೈಗೆ ಕಡಲೆಕಾಳಿನಷ್ಟು ಗಂಟು ತಗಲುತ್ತದೆ ಎಂದುಕೊಳ್ಳಿ. ನೋವಿಲ್ಲ. ನೋವಿಲ್ಲದ್ದು ರೋಗವೇ ಅಲ್ಲ ಎಂಬುದು ನಮ್ಮ ನಂಬಿಕೆ. ಆಗ ಹತ್ತಿ ಬಿಡಿಸುವ ಕಾಲ, ಒಂದು ದಿನ ಬಿಟ್ಟರೆ ಕೂಲಿ ಹೋಗುತ್ತದೆ. ಕ್ರಿಸ್ತಜಯಂತಿ ಮುಗಿಯುತ್ತಲೇ ಮನೆಗೆ ಬೀಗ ಹಾಕಿ, ಮಕ್ಕಳು ಮರಿ ಕಟ್ಟಿಕೊಂಡು ಗುಂಟೂರಿನ ಕಡೆಗೆ ಮೆಣಸಿನಕಾಯಿ ಬಿಡಿಸಲು ಸುಗ್ಗಿಗೆ ಹೋಗುವುದು. ಅಲ್ಲಿ ಗುಡಾರದಲ್ಲಿ ವಾಸ, ಗುರುತಿನ ವೈದ್ಯರಿಲ್ಲ. ಯುಗಾದಿ ಕಳೆದು ಊರಿಗೆ ಬಂದಾಗ ಗಂಟು ನಿಂಬೆಹಣ್ಣಿನಷ್ಟಾಗಿರುತ್ತದೆ. ಆಗ ಮದುವೆಗಳ ಕಾಲ. ಅತ್ತೆ ಹೇಳಿದ ಲೇಪ ಹಚ್ಚಿ, ತಾಯಿತ ಕಟ್ಟಿ ಮತ್ತೊಂದು ತಿಂಗಳು. ಮುಂಗಾರು ಬಂತು, ಬಿತ್ತನೆ. ಕರ್ನೂಲಿನ ದೊಡ್ಡಾಸ್ಪತ್ರೆಯ ಮೆಟ್ಟಿಲು ಹತ್ತುವಾಗ ಮತ್ತೆ ದಸರೆ ಬಂದಿರುತ್ತದೆ, ಗಂಟು ಒಡೆದು ಹುಣ್ಣಾಗಿರುತ್ತದೆ.

ಈ ಒಂದು ವರ್ಷದ ಬೆಲೆ ಎಷ್ಟು? ಬ್ರಿಟನ್ನಿನ ಸಂಶೋಧಕರು ಅನೇಕ ದೇಶಗಳ ಅಧ್ಯಯನಗಳನ್ನು ಕೂಡಿಸಿ 1999ರಲ್ಲಿ ತೋರಿಸಿದಂತೆ, ಲಕ್ಷಣ ಕಂಡು ಮೂರು ತಿಂಗಳೊಳಗೆ ಬಂದವರಿಗಿಂತ ಮೂರು ತಿಂಗಳು ಮೀರಿ ಬಂದವರಲ್ಲಿ ಐದು ವರ್ಷ ಬದುಕುವವರು ನೂರಕ್ಕೆ 12 ಮಂದಿ ಕಡಿಮೆ. ಕಾಯಿಕೊರಕ ಕಂಡ ಗಿಡವನ್ನು ಯಾವ ರೈತನೂ ಮುಂದಿನ ವರ್ಷ ನೋಡೋಣ ಎಂದು ಬಿಡುವುದಿಲ್ಲ. ತಾಯಿಯ ಮೈಯನ್ನು ಹೊಲಕ್ಕಿಂತ ಕಡೆಯಾಗಿ ಕಾಣಬಹುದೇ?

ಹೀಗೆ ಸತ್ತವರ ಕಾರಣವೂ ಬಹಳ ಸಲ ಕಾಗದದ ಮೇಲೆ ಬರುವುದಿಲ್ಲ. ನಮ್ಮ ದೇಶದಲ್ಲಿ 2020ರಲ್ಲಿ ನೋಂದಣಿಯಾದ ನೂರು ಸಾವುಗಳಲ್ಲಿ ವೈದ್ಯರು ಕಾರಣ ಬರೆದುಕೊಟ್ಟದ್ದು ಸುಮಾರು 22ಕ್ಕೆ ಮಾತ್ರ. "ಎದೆ ಹುಣ್ಣಾಗಿ ಸತ್ತಳು" ಎಂದು ಊರಿಗೆಲ್ಲ ಗೊತ್ತಿದ್ದರೂ ಸರ್ಕಾರದ ಪುಸ್ತಕದಲ್ಲಿ ಅದು ಇರುವುದಿಲ್ಲ. ಲೆಕ್ಕದಲ್ಲಿ ಇಲ್ಲದ ಸಾವಿಗೆ ಯಂತ್ರವೂ ಬಾರದು, ವೈದ್ಯರೂ ಬಾರರು. ಆದುದರಿಂದ ಮನೆಯಲ್ಲಿ ಸಾವಾದಾಗ ನೋಂದಣಿ ಮಾಡಿಸಿ. ಆಸ್ಪತ್ರೆಯ ಚೀಟಿಗಳಿದ್ದರೆ ತೋರಿಸಿ ಕಾರಣವನ್ನೂ ಬರೆಸಿ.

ಮುಂಬಯಿಯ ಒಂದು ಒಳ್ಳೆಯ ಉದಾಹರಣೆ

ಮ್ಯಾಮೊಗ್ರಾಮ್ ಎಂಬ ಯಂತ್ರದ ಪರೀಕ್ಷೆ ಹಳ್ಳಿಗಳಲ್ಲಿಲ್ಲ. ಹಾಗಾದರೆ ನಮಗೆ ದಾರಿಯಿಲ್ಲವೇ? ಇದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಅಲ್ಲಿನ ಬಡವರ ಬಡಾವಣೆಗಳ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನ ಹೆಂಗಸರನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷಿಸಿದರು. ಯಂತ್ರವಿಲ್ಲ, ಸೂಜಿಯಿಲ್ಲ, ಕಲಿತ ಕೈ ಮಾತ್ರ. ಇಪ್ಪತ್ತು ವರ್ಷ ಕಾದು 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಪರೀಕ್ಷೆಯಾದ ಗುಂಪಿನಲ್ಲಿ ರೋಗ ಮೊದಲ ಹಂತಗಳಲ್ಲೇ ಸಿಕ್ಕಿತು. ಐವತ್ತು ದಾಟಿದ ಹೆಂಗಸರಲ್ಲಿ ಸಾವು ನೂರಕ್ಕೆ ಸುಮಾರು 30ರಷ್ಟು ಕಡಿಮೆಯಾಯಿತು. ಐವತ್ತರೊಳಗಿನವರಲ್ಲಿ ಸಾವಿನ ಸಂಖ್ಯೆಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಹಿಂದೆ ನಾವೆಲ್ಲ ಪ್ರತಿ ತಿಂಗಳೂ ತಮ್ಮ ಸ್ತನವನ್ನು ತಾವೇ ಕ್ರಮವಾಗಿ ಪರೀಕ್ಷಿಸಿಕೊಳ್ಳಿ ಎಂದು ಹೇಳುತ್ತಿದ್ದೆವು. ಚೀನಾದ ಶಾಂಘಾಯಿಯಲ್ಲಿ 2 ಲಕ್ಷ 66 ಸಾವಿರ ಕಾರ್ಖಾನೆ ಕೆಲಸದ ಹೆಂಗಸರ ಮೇಲೆ ನಡೆದ, 2002ರಲ್ಲಿ ಮುಗಿದ ಅಧ್ಯಯನದಲ್ಲಿ ಅಷ್ಟರಿಂದಲೇ ಸಾವು ಕಡಿಮೆಯಾಗಲಿಲ್ಲ. ಆದುದರಿಂದ ಈಗ ಹೇಳುವುದಿಷ್ಟು: ನಿಮ್ಮ ಮೈಯ ಸಹಜ ರೀತಿ ನಿಮಗೆ ಗೊತ್ತಿರಲಿ, ಬದಲಾವಣೆ ಕಂಡರೆ ಕಲಿತ ಕೈಗೆ ತೋರಿಸಿ, ಏನೂ ಕಾಣದಿದ್ದರೂ ಹೇಳಿದ ಕಾಲಕ್ಕೆ ಪರೀಕ್ಷೆ ಮಾಡಿಸಿಕೊಳ್ಳಿ. ಸರ್ಕಾರದ ಕ್ರಮದಂತೆ 30ರಿಂದ 65 ವರ್ಷದ ಹೆಂಗಸರಿಗೆಲ್ಲ ಐದು ವರ್ಷಕ್ಕೊಮ್ಮೆ ಆರೋಗ್ಯ ಕೇಂದ್ರದಲ್ಲಿ ಈ ಪರೀಕ್ಷೆ ಆಗಬೇಕು. ಆಶಾ ಕಾರ್ಯಕರ್ತೆ ಅಥವಾ ಏ.ಎನ್.ಎಂ. ಸಿಸ್ಟರ್ ಮನೆಗೆ ಬಂದಾಗ ನಾಚದೆ ಕೇಳಿ. ಅದು ಅವರ ಕೆಲಸ, ನಿಮ್ಮ ಹಕ್ಕು.

ತಡಮಾಡದೆ ತೋರಿಸಬೇಕಾದ ಲಕ್ಷಣಗಳು

1. ಸ್ತನದಲ್ಲಿ ಅಥವಾ ಕಂಕುಳಲ್ಲಿ ಗಂಟು. ನೋವಿಲ್ಲದಿದ್ದರೂ ತೋರಿಸಲೇಬೇಕು.
2. ಒಂದು ಸ್ತನದ ಗಾತ್ರ ಅಥವಾ ಆಕಾರ ಹೊಸದಾಗಿ ಬದಲಾಗುವುದು.
3. ಚರ್ಮ ಒಳಗೆ ಜಗ್ಗಿದಂತೆ ಕುಳಿ ಬೀಳುವುದು, ಕಿತ್ತಳೆ ಸಿಪ್ಪೆಯಂತೆ ಒರಟಾಗುವುದು, ಕೆಂಪಾಗುವುದು.
4. ತೊಟ್ಟು ಹೊಸದಾಗಿ ಒಳಗೆ ಸೇರುವುದು, ತೊಟ್ಟಿನ ಸುತ್ತ ವಾಸಿಯಾಗದ ಕಜ್ಜಿ.
5. ತೊಟ್ಟಿನಿಂದ ರಕ್ತ ಅಥವಾ ನೀರು ತಾನಾಗಿಯೇ ಸೋರುವುದು.

ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ ಎಂಬುದನ್ನೂ ನೆನಪಿಡಿ. ಆದರೆ ಯಾವುದು ಹೌದು, ಯಾವುದು ಅಲ್ಲ ಎಂದು ಹೇಳಬೇಕಾದವರು ವೈದ್ಯರು. ನೆರೆಮನೆಯವರಲ್ಲ, ಲೇಪ ಕೊಡುವವರೂ ಅಲ್ಲ. ಹಾಲೂಡಿಸುವ ತಾಯಂದಿರು "ಹಾಲು ಕಟ್ಟಿದೆ" ಎಂದು ಬಿಡಬಾರದು; ಎರಡು ವಾರದಲ್ಲಿ ಕರಗದ ಗಂಟನ್ನು ತೋರಿಸಬೇಕು. ನೂರು ರೋಗಿಗಳಲ್ಲಿ ಹೆಚ್ಚೆಂದರೆ ಒಬ್ಬರಂತೆ ಗಂಡಸರಿಗೂ ಈ ರೋಗ ಬರುತ್ತದೆ. ಅವರೂ ಎದೆಯ ಗಂಟನ್ನು ಅಸಡ್ಡೆ ಮಾಡಬಾರದು. ಮಕ್ಕಳಿಲ್ಲದ ಹೆಂಗಸರೂ, ನಮ್ಮ ಸೇವೆಗೆ ಜೀವನ ಮುಡಿಪಿಟ್ಟ ಧಾರ್ಮಿಕ ಭಗಿನಿಯರೂ ಪರೀಕ್ಷೆಯನ್ನು ತಪ್ಪಿಸಬಾರದು.

ಎಲ್ಲಿಗೆ ಹೋಗಬೇಕು?

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ. ಅಲ್ಲಿಂದ ಚೀಟಿ ಪಡೆದು ಆದೋನಿಯ ಏರಿಯಾ ಆಸ್ಪತ್ರೆಗೆ ಅಥವಾ ಕರ್ನೂಲಿನ ಸರ್ಕಾರಿ ದೊಡ್ಡಾಸ್ಪತ್ರೆಗೆ. ಕರ್ನಾಟಕದಲ್ಲಿ ಬಂಧುಗಳಿರುವವರಿಗೆ ಬೆಂಗಳೂರಿನ ಕಿದ್ವಾಯಿ, ಕಲಬುರಗಿಯಲ್ಲಿರುವ ಅದರ ಶಾಖೆ ಇವೆ. ಅಲ್ಲಿ ಮೂರು ಪರೀಕ್ಷೆ ಮಾಡುತ್ತಾರೆ: ಕೈಯಿಂದ ಮುಟ್ಟಿ ನೋಡುವುದು, ಮ್ಯಾಮೊಗ್ರಾಮ್ ಅಥವಾ ಸ್ಕ್ಯಾನ್, ಗಂಟಿನಿಂದ ಸೂಜಿಯಲ್ಲಿ ಚೂರು ತೆಗೆದು ನೋಡುವುದು. ವಿಶ್ವ ಆರೋಗ್ಯ ಸಂಸ್ಥೆಯ ಗುರಿಯಂತೆ, ಮೊದಲು ತೋರಿಸಿದ ದಿನದಿಂದ 60 ದಿನಗಳೊಳಗೆ ಇದೆಲ್ಲ ಮುಗಿದು ಉತ್ತರ ಸಿಗಬೇಕು. ಆ ಅರವತ್ತು ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಖರ್ಚಿಗಾಗಿ ಹೊಲ ಅಡವಿಡುವ ಮುಂಚೆ ರೇಷನ್ ಕಾರ್ಡು, ಆಧಾರ್ ಹಿಡಿದು ಆಸ್ಪತ್ರೆಯಲ್ಲಿ ಸರ್ಕಾರಿ ಆರೋಗ್ಯ ಯೋಜನೆಯ ಮೇಜಿನ ಬಳಿ ವಿಚಾರಿಸಿ. 2007ರಲ್ಲಿ ಆರೋಗ್ಯಶ್ರೀ ಎಂಬ ಹೆಸರಿನಲ್ಲಿ ಆರಂಭವಾಗಿ ಮುಂದೆ ಎನ್.ಟಿ.ಆರ್. ವೈದ್ಯ ಸೇವೆ ಎಂಬ ಹೆಸರು ಪಡೆದ ಆಂಧ್ರದ ಯೋಜನೆಯಲ್ಲಿ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ, ಔಷಧ ಚಿಕಿತ್ಸೆ, ವಿಕಿರಣ ಚಿಕಿತ್ಸೆ ಸೇರಿವೆ.

ಚಿಕಿತ್ಸೆಯನ್ನು ನಡುವೆ ಬಿಡಬಾರದು. ಎರಡು ಸಲ ಔಷಧ ಏರಿಸಿದ ಮೇಲೆ ಕೂದಲು ಉದುರಿತೆಂದು, ಬಿತ್ತನೆ ಬಂತೆಂದು ನಿಲ್ಲಿಸಿದರೆ ಅರ್ಧ ಸತ್ತ ಕಳೆ ಮತ್ತೆ ಚಿಗುರಿದಂತೆ ರೋಗ ಮರಳುತ್ತದೆ. ಕೆಲವರಿಗೆ ಟಾಮೊಕ್ಸಿಫೆನ್ ಎಂಬ ಮಾತ್ರೆಯನ್ನು ದಿನಕ್ಕೊಂದರಂತೆ ಐದು ವರ್ಷ ಕೊಡುತ್ತಾರೆ. ಬೆಲೆ ಕಡಿಮೆ, ಫಲ ದೊಡ್ಡದು. ಅದನ್ನೂ ವೈದ್ಯರು ಹೇಳದೆ ನಿಲ್ಲಿಸಬಾರದು.

ಪ್ರಶ್ನೆ – ಉತ್ತರ

ಪ್ರ: ಸೂಜಿ ಚುಚ್ಚಿದರೆ, ಕತ್ತಿ ತಗಲಿದರೆ ಕ್ಯಾನ್ಸರ್ ಹರಡುತ್ತದೆ ಎನ್ನುತ್ತಾರೆ, ನಿಜವೇ?
ಉ: ನಿಜವಲ್ಲ. ಸೂಜಿ ಪರೀಕ್ಷೆಯಿಲ್ಲದೆ ಯಾವ ಚಿಕಿತ್ಸೆ ಬೇಕೆಂದು ನಿರ್ಧರಿಸಲಾಗದು. "ಆಪರೇಷನ್ ಆದ ಮೇಲೆ ಸತ್ತಳು" ಎಂದು ನಾವು ಕೇಳುವುದು ಬಹುಪಾಲು ತಡವಾಗಿ ಹೋದವರ ಸಂಗತಿ. ಸತ್ತದ್ದು ಆಪರೇಷನ್ನಿನಿಂದಲ್ಲ, ತಡದಿಂದ.

ಪ್ರ: ಇದು ಅಂಟುರೋಗವೇ? ಮಗುವಿಗೆ ಬರುತ್ತದೆಯೇ?
ಉ: ಅಂಟುರೋಗವಲ್ಲ. ಜೊತೆಗೆ ಉಣ್ಣುವುದರಿಂದ, ಮಲಗುವುದರಿಂದ, ಮಗುವನ್ನು ಎತ್ತಿಕೊಳ್ಳುವುದರಿಂದ ಬರುವುದಿಲ್ಲ. ರೋಗಿಯನ್ನು ಬೇರೆ ಇಡುವುದು ಪಾಪ.

ಪ್ರ: ಎದೆ ತೆಗೆದುಬಿಡುತ್ತಾರೆ ಎಂಬ ಭಯ.
ಉ: ಬೇಗ ಹೋದರೆ ಅನೇಕರಿಗೆ ಗಂಟನ್ನಷ್ಟೇ ತೆಗೆದು ಸ್ತನ ಉಳಿಸಬಹುದು. ತಡವಾದಷ್ಟೂ ಹೆಚ್ಚು ತೆಗೆಯಬೇಕಾಗುತ್ತದೆ. ಭಯಪಟ್ಟು ಮುಚ್ಚಿಟ್ಟಷ್ಟೂ ಭಯಪಟ್ಟದ್ದೇ ಆಗುತ್ತದೆ.

ಪ್ರ: ಪ್ರಾರ್ಥನೆ ಮಾಡಿದರೆ ಸಾಲದೇ?
ಉ: ಪ್ರಾರ್ಥಿಸಿ, ಜೊತೆಗೆ ವೈದ್ಯರ ಬಳಿಗೂ ಹೋಗಿ. ವೈದ್ಯರನ್ನು ಗೌರವಿಸಬೇಕೆಂದು ಸಿರಾಖನ ಗ್ರಂಥದ 38ನೇ ಅಧ್ಯಾಯ ಹೇಳುತ್ತದೆ; ಮನೆಯಲ್ಲಿ ತೆಗೆದು ಓದಿ.

ಮನೆಯ ಗಂಡಸರಿಗೆ ಒಂದು ಮಾತು

ಹೆಂಗಸರು ಹೇಳಿಕೊಳ್ಳದಿರುವುದಕ್ಕೆ ನಾಚಿಕೆಯೊಂದೇ ಕಾರಣವಲ್ಲ. "ನನಗಾಗಿ ಖರ್ಚು ಏಕೆ, ಕೆಲಸ ಏಕೆ ಕೆಡಿಸಬೇಕು" ಎಂಬ ಎಣಿಕೆಯೂ ಕಾರಣ. ಎತ್ತಿಗೆ ಹುಷಾರಿಲ್ಲದಿದ್ದರೆ ಅದೇ ದಿನ ದನದ ಡಾಕ್ಟರನ್ನು ಕರೆತರುತ್ತೇವೆ. ಹೆಂಡತಿ, ತಾಯಿ, ಅಕ್ಕ, ತಂಗಿ "ಸ್ವಲ್ಪ ಗಂಟಿದ್ದಂತಿದೆ" ಎಂದರೆ ಆ ವಾರದಲ್ಲೇ ಬಸ್ಸು ಹತ್ತಿಸುವುದು ನಮ್ಮ ಕರ್ತವ್ಯ.

ಸ್ತನರೋಗಿಗಳ ಪಾಲಕಿಯೆಂದು ಸಭೆಯು ಗೌರವಿಸುವ ಸಂತ ಅಗಾಥಳ ಹಬ್ಬ ಫೆಬ್ರವರಿ 5ರಂದು ಬರುತ್ತದೆ. ಆಗ ನಮ್ಮ ಅನೇಕ ತಾಯಂದಿರು ಮೆಣಸಿನಕಾಯಿ ಹೊಲಗಳಲ್ಲಿರುತ್ತಾರೆ. ಆದುದರಿಂದ ಸುಗ್ಗಿಗೆ ಹೊರಡುವ ಮುಂಚೆಯೇ, ಆಗಮನ ಕಾಲದಲ್ಲಿ, ಮೂವತ್ತು ದಾಟಿದ ಹೆಂಗಸರೆಲ್ಲ ಗುಂಪುಗೂಡಿ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಿಕೊಂಡು ಬರಲಿ. ಒಬ್ಬಳೇ ಹೋಗಲು ನಾಚಿಕೆ. ಹತ್ತು ಜನ ಹೋದರೆ ಧೈರ್ಯ.

ಕುಟುಂಬದಲ್ಲಿ, ಸಂಘದಲ್ಲಿ ಚರ್ಚಿಸಲು

1. ರೋಗ ಬರುವ ದರಕ್ಕೂ ಸಾವಿನ ದರಕ್ಕೂ ವ್ಯತ್ಯಾಸವೇನು? ನಮ್ಮ ಕೈಯಲ್ಲಿ ಹೆಚ್ಚಾಗಿ ಇರುವುದು ಯಾವುದು?
2. ನಮ್ಮ ಮನೆಯಲ್ಲಿ ತಾಯಿಗೆ ಗಂಟು ಕಂಡರೆ ಅವಳು ಮೊದಲು ಯಾರಿಗೆ ಹೇಳಬಲ್ಲಳು?
3. ಒಬ್ಬ ಹೆಂಗಸು ಚಿಕಿತ್ಸೆಗೆ ಕರ್ನೂಲಿಗೆ ಹೋದ ದಿನಗಳಲ್ಲಿ ಅವಳ ಮಕ್ಕಳನ್ನು, ದನಗಳನ್ನು ನೋಡಿಕೊಳ್ಳಲು ನೆರೆಯವರಾದ ನಾವು ಸರದಿ ಹಾಕಿಕೊಳ್ಳಬಹುದೇ?

ರೋಗ ಬಾರದಂತೆ ಪೂರ್ತಿಯಾಗಿ ತಡೆಯುವುದು ಇನ್ನೂ ಯಾರ ಕೈಯಲ್ಲೂ ಇಲ್ಲ. ಆದರೆ ಮೂರು ತಿಂಗಳೊಳಗೆ ಆಸ್ಪತ್ರೆ ಸೇರಿಸುವುದು ನಮ್ಮ ಕೈಯಲ್ಲಿದೆ. ಮೂರನೆಯ ಪ್ರಶ್ನೆಗೆ ಹೌದು ಎಂದು ಉತ್ತರಿಸುವ ಊರಿನಲ್ಲಿ ಸಾವಿನ ಲೆಕ್ಕ ಬದಲಾಗುತ್ತದೆ.